ಬಿಸ್ಕತ್ ಡಬ್ಬದ ತಗಡು

ಆ ಆಯಿಲ್ ಚೇಂಬರಿಗೆ ನಾನು ಕೊಟ್ಟದ್ದು ಆರುನೂರು ರೂಪಾಯಿ. ಅದರೊಳಗೆ ತಗಡು ಕೂರಿಸಿದವನಿಗೆ ಹದಿನೈದು. ಸರಿಯಾದ ಮಾಲಿಗೆ ಶಿವಾಜಿನಗರದ ಗುಜರಿಯವನು ಕೇಳಿದ್ದು ಹದಿನೆಂಟುನೂರು. ಕಾರಿನ ಯಜಮಾನರು ಅಷ್ಟೂ ದುಡ್ಡನ್ನು ನನ್ನ ಕೈಗೆ ಕೊಟ್ಟಿದ್ದರು. ದುಡ್ಡಿನಾಸೆಗೆ ಮಾಡಲಿಲ್ಲ ಎಂದರೆ ನೀವು ನಂಬಲಿಕ್ಕಿಲ್ಲ — ಮಿಕ್ಕದ್ದನ್ನು ನಾನು ಹಿಂದಿರುಗಿಸಲೂ ಇಲ್ಲ, ಹಿಂದಿರುಗಿಸಿದರೆ ಏಕೆ ಮಿಕ್ಕಿತೆಂದು ಹೇಳಬೇಕಾಗುತ್ತಿತ್ತು. ಚೌಕಾಸಿಯಲ್ಲಿ ಸೋತೆ ಎಂದು ಒಪ್ಪಿಕೊಳ್ಳಲಾರದೆ ಮೋಸ ಮಾಡಿದೆ. ಆ ಮೋಸವನ್ನು ಸೆಲ್ವಣ್ಣನ ತಲೆಗೆ ಕಟ್ಟಿದೆ.

ತೊಂಬತ್ತರ ದಶಕದ ಮಾತು. ಹಳೆಯ ಕಾರುಗಳಿಗೆ ಬೇರೆ ಎಂಜಿನ್ ಕೂರಿಸುವ ಕೆಲಸ ಹಿಡಿದು ತರುವುದು, ಬೇಕಾದ ಸಾಮಾನು ಹುಡುಕಿಕೊಡುವುದು ನನ್ನ ಕಸುಬು. ಕೂರಿಸುವವನು ಸೆಲ್ವಣ್ಣ, ಹಲಸೂರಿನಲ್ಲಿ ಅವನದೊಂದು ಶೆಡ್ಡಿತ್ತು. ದೊಡ್ಡನೆಕ್ಕುಂದಿಯ ಮುನಿಯಪ್ಪನವರು, ರಾಗಿ ಹೊಲ ಕಾರ್ಖಾನೆಯ ಪಾಲಾದ ಮೇಲೆ, ಬಂದ ಪರಿಹಾರದ ದುಡ್ಡಿನಲ್ಲಿ ಹಸಿರು ಬಣ್ಣದ ಹಳೆಯ ವಿಲಾಯಿತಿ ಕಾರೊಂದನ್ನು ಕೊಂಡಿದ್ದರು. ಅದರ ಎಂಜಿನ್ ಸತ್ತಿತ್ತು. ವ್ಯಾನಿನ ಡೀಸೆಲ್ ಎಂಜಿನ್ ಹಾಕುವುದೆಂದಾಯಿತು. ಆದರೆ ಆ ಎಂಜಿನ್ನಿನ ತಳದಲ್ಲಿ ಎಣ್ಣೆ ತುಂಬಿಕೊಳ್ಳುವ ತೊಟ್ಟಿ — ಅದನ್ನೇ ನಾವು ಆಯಿಲ್ ಚೇಂಬರ್ ಎನ್ನುವುದು — ಮುಂಭಾಗದಲ್ಲಿ ಆಳವಾಗಿತ್ತು. ಕಾರಿನ ಅಡ್ಡಕಂಬಿಗೆ ತಾಗುತ್ತಿತ್ತು. ಹಿಂಭಾಗ ಆಳವಿರುವ ಚೇಂಬರ್ ಬೇಕಿತ್ತು.

“ಒಳಗೆ ತಗಡಿನ ಗೋಡೆ ಇರೋದೇ ತಗೊಂಬಾ ಗುರು,” ಎಂದಿದ್ದ ಸೆಲ್ವಣ್ಣ. “ಇಳಿಜಾರಲ್ಲಿ ಆಯಿಲೆಲ್ಲಾ ಮುಂದಕ್ಕೆ ಓಡ್ಬಿಟ್ರೆ ಪಂಪು ಬರೀ ಗಾಳಿ ಕುಡೀತದೆ. ಆಮೇಲೆ ಎಂಜಿನ್ ಖಲಾಸ್.”

ಶಿವಾಜಿನಗರದ ಗುಜರಿಯಲ್ಲಿ ಅಂಥದ್ದೇ ಸಿಕ್ಕಿತು. “ಬೇಡ ಬಿಡು ಭಾಯ್” ಎಂದು ಬೆನ್ನು ತಿರುಗಿಸಿ ನಡೆದುಬಿಡುವುದು ನನ್ನ ವಿದ್ಯೆ. ಹತ್ತು ಹೆಜ್ಜೆಯೊಳಗೆ ಯಾವನಾದರೂ ಕರೆಯಲೇಬೇಕು. ಅವತ್ತು ಕರೆಯಲಿಲ್ಲ. ಬೀದಿಯ ತುದಿಗೆ ಹೋಗಿ ಬೀಡಾ ಹಾಕಿಕೊಂಡು, ಬೇಕೆಂದೇ ತಡಮಾಡಿ ವಾಪಸು ಬಂದೆ.

“ಹೋಯ್ತು ಸಾಬ್! ನೀವು ಬೀಡಾ ಅಗಿಯೋಷ್ಟ್ರಲ್ಲಿ ಹೋಯ್ತು,” ಎಂದು ಗುಜರಿಯವನು ನಕ್ಕ. ಉಳಿದಿದ್ದು ಅದೇ ಆಕಾರದ ಇನ್ನೊಂದು. ಒಳಗಿನ ಗೋಡೆಯನ್ನು ಯಾರೋ ಕತ್ತರಿಸಿ ತೆಗೆದಿದ್ದರು.

ಮುನಿಯಪ್ಪನವರು ಮನೆಮಂದಿಯನ್ನು ನಂದಿ ಬೆಟ್ಟಕ್ಕೆ ಕರೆದೊಯ್ಯಲು ದಿನ ಗೊತ್ತುಮಾಡಿದ್ದರು. ಉಳಿದಿದ್ದು ನಾಲ್ಕೇ ದಿನ. ಸೆಲ್ವಣ್ಣನಿಗೆ ಏನು ಹೇಳಲಿ? ನನ್ನನ್ನು ಚೌಕಾಸಿಯ ಹುಲಿ ಎಂದು ಕರೆಯುತ್ತಿದ್ದವನೇ ಅವನು... ಗೋಡೆಯಿಲ್ಲದ ಚೇಂಬರನ್ನು ಹೊತ್ತುಕೊಂಡು ರಸೆಲ್ ಮಾರುಕಟ್ಟೆಯ ಹಿಂದಿನ ಗಲ್ಲಿಗೆ ಹೋದೆ. ಅಲ್ಲಿ ಸೀಮೆಎಣ್ಣೆಯ ಆಲಿಕೆ ಮಾಡುವವನೊಬ್ಬ ಬಿಸ್ಕತ್ ಡಬ್ಬದ ತಗಡನ್ನು ಕತ್ತರಿಸಿ, ಬೆಸುಗೆಯಲ್ಲಿ ಅಂಟಿಸಿಕೊಟ್ಟ.

“ಇದ್ರಲ್ಲೇನ್ ಉಪ್ಪಿಟ್ ಮಾಡ್ತೀರಾ ಸಾರ್?” ಎಂದ. ನಾನೂ ನಕ್ಕೆ. ತಗಡಿಗೆ ಹಳೆಯ ಎಣ್ಣೆ ಬಳಿದೆ, ಹಳೆಯದರಂತೆಯೇ ಕಾಣಿಸಿತು.

ಸೆಲ್ವಣ್ಣ ಟಾರ್ಚ್ ಬಿಟ್ಟು ಒಳಗೆ ನೋಡಿದ, ತಗಡಿನ ಮೇಲೆ ಬೆರಳಾಡಿಸಿದ. “ಭಲೇ ಹುಲಿ,” ಎಂದು ಕಾರಿನ ಕೆಳಗೆ ಮಲಗಿದ. ನಮ್ಮ ಶೆಡ್ಡುಗಳ ಬೀದಿಯಲ್ಲಿ ಕಾಗದ ಪತ್ರ ಇರಲಿಲ್ಲ, ಒಂದೇ ಒಂದು ಕಟ್ಟುಪಾಡು ಇತ್ತು: ಸಾಮಾನು ಯಾರೇ ತರಲಿ, ನೋಡಿ ಬೋಲ್ಟ್ ಬಿಗಿದವನದೇ ಹೊಣೆ. ಅದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ ಒಂದೊಂದೇ ಬೋಲ್ಟನ್ನು ಅವನ ಕೈಗೆ ಕೊಡುತ್ತಾ ಕೂತಿದ್ದೆ.

ನಂದಿಗೆ ನನ್ನನ್ನೂ ಕರೆದರು. “ನೀನಿಲ್ದೆ ಹೆಂಗಪ್ಪ, ಮುಂದ್ಗಡೆ ಕೂತ್ಕೋ,” ಎಂದರು ಮುನಿಯಪ್ಪನವರು. ಒಲ್ಲೆ ಎನ್ನಲು ಯಾವ ಕಾರಣ ಕೊಡಲಿ? ಕೂತೆ. ಹಿಂದೆ ಅವರ ಹೆಂಡತಿ, ಮೂರು ಮೊಮ್ಮಕ್ಕಳು, ಚಿತ್ರಾನ್ನದ ಡಬ್ಬಿ. ಕಾರು ಬೆಟ್ಟವನ್ನು ಸಲೀಸಾಗಿ ಹತ್ತಿತು. ಇಳಿಯುವಾಗ ಎರಡನೇ ಗೇರಿನಲ್ಲಿ ಎಂಜಿನ್ ಗುರುಗುಟ್ಟಿತು. ಎಲ್ಲೋ ತಳದಲ್ಲಿ ‘ಟಣ್’ ಎಂದಿತು — ನನಗೊಬ್ಬನಿಗೇ ಕೇಳಿಸಿತೋ ಏನೋ. ಎದುರಿಗೆ ಎಣ್ಣೆಯ ಕೆಂಪು ದೀಪ ಹತ್ತಿತು.

“ಅದ್ಯಾಕೆ ಕೆಂಪಗ್ ಉರೀತೈತೆ?” ಎಂದರು ಸ್ಟಿಯರಿಂಗ್ ಹಿಡಿದಿದ್ದ ಮುನಿಯಪ್ಪನವರು.

ನಿಲ್ಲಿಸಿ — ಅಷ್ಟೇ ಹೇಳಬೇಕಿತ್ತು. ಹೇಳಿದರೆ ನಿಲ್ಲಿಸುತ್ತಿದ್ದರು, ನಿಲ್ಲಿಸಿದರೆ ಬಿಚ್ಚಿಸುತ್ತಿದ್ದರು, ಬಿಚ್ಚಿಸಿದರೆ... ಬಾಗಿಲಿನ ಹಿಡಿಯನ್ನು ಬಿಗಿಯಾಗಿ ಹಿಡಿದುಕೊಂಡು, “ಹಳೇ ವೈರಿಂಗ್ ಅಲ್ವಾ, ಹಂಗೇ ಹತ್ಕೊಳ್ತದೆ ಬಿಡಿ,” ಎಂದೆ. ಹೆಂಡತಿ, ಮೊಮ್ಮಕ್ಕಳನ್ನು ಕೂರಿಸಿಕೊಂಡಿದ್ದ ಮನುಷ್ಯನಿಗೆ ಹಾಗೆಂದೆ. ಎರಡು ತಿರುವು ದಾಟುವಷ್ಟರಲ್ಲಿ ಎಣ್ಣೆ ಸಿಗದೆ ಎಂಜಿನ್ ಕಚ್ಚಿಕೊಂಡಿತು, ಚಕ್ರಗಳು ಕಿರುಚಿದವು, ಕಾರು ಅಡ್ಡ ತಿರುಗಿ ರಸ್ತೆ ಬದಿಯ ಗೋಡೆಗೆ ಮೊಳದಷ್ಟು ದೂರದಲ್ಲಿ ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಚಿಕ್ಕ ಮಗು ಅಳತೊಡಗಿತು.

ಮಾರನೆಯ ದಿನ ಹಲಸೂರಿನ ಶೆಡ್ಡಿನಲ್ಲಿ ಸೆಲ್ವಣ್ಣ ಚೇಂಬರ್ ಇಳಿಸಿದ. ಬೆಸುಗೆ ಬಿಟ್ಟು ಕಳಚಿದ ತಗಡು, ಎಣ್ಣೆ ಹೀರುವ ಪೈಪಿನ ಬಾಯಿಯನ್ನೇ ಮುಚ್ಚಿಕೊಂಡಿತ್ತು. ಅವನು ಅದನ್ನು ಎತ್ತಿ ಒರೆಸಿದ. ಹಿಂಬದಿಯಲ್ಲಿ ಅರ್ಧ ಗುಲಾಬಿ ಹೂವಿನ ಚಿತ್ರ.

“ಇದೇನಯ್ಯಾ, ಬಿಸ್ಕತ್ ಡಬ್ಬ?” ಎಂದರು ಮುನಿಯಪ್ಪನವರು.

ಸೆಲ್ವಣ್ಣ ನನ್ನತ್ತ ತಿರುಗಿದ. ಅವನಿಗೆ ಅರ್ಥವಾಗಿತ್ತು. ಅಕ್ಕಪಕ್ಕದ ಶೆಡ್ಡಿನವರೂ ಬಂದು ನಿಂತಿದ್ದರು. ಆಗ ನಾನು ಕೇಳಿದೆ — ಇಂದಿಗೂ ನನ್ನ ದನಿ ನನಗೆ ಕೇಳಿಸುತ್ತದೆ — “ಬಿಗಿಯೋಕ್ ಮುಂಚೆ ನೋಡ್ಲಿಲ್ವಾ ಸೆಲ್ವಣ್ಣ?”

“ನೋಡ್ದೆ,” ಎಂದ. ತಗಡನ್ನು ಕೆಳಗಿಟ್ಟು, “ನೋಡಿ ಬಿಗಿದ್ಮೇಲೆ ನಂದೇ,” ಎಂದ.

ಎಂಜಿನ್ ಎತ್ತುವ ಚೈನ್ ಪುಲ್ಲಿ, ವೆಲ್ಡಿಂಗ್ ಸೆಟ್ ಮಾರಿ ಆ ಎಂಜಿನ್ನನ್ನು ತನ್ನ ಕೈಯಿಂದ ಹೊಸದಾಗಿ ಕಟ್ಟಿಕೊಟ್ಟ. ಬೀದಿ ಅವನಿಗೆ ಬಿಸ್ಕತ್ ಮೇಸ್ತ್ರಿ ಎಂದು ಹೆಸರಿಟ್ಟಿತು. ಆ ಹೆಸರಿನವನಿಗೆ ಎಂಜಿನ್ ಯಾರು ಕೊಡುತ್ತಾರೆ? ಶೆಡ್ ಹೋಯಿತು. ಕೆ.ಆರ್. ಪುರದ ಲಾರಿ ವರ್ಕ್‌ಶಾಪೊಂದರಲ್ಲಿ, ತನಗಿಂತ ಚಿಕ್ಕವರ ಕೈಕೆಳಗೆ ಕೂಲಿಗೆ ನಿಂತ. ನನ್ನನ್ನೋ — ಹಳೆ ಕಾರಿನವರೆಲ್ಲ ಇಂದಿರಾನಗರದಿಂದ ಹುಡುಕಿಕೊಂಡು ಬಂದರು. ಯಾವ ಎಂಜಿನ್ನಿಗೆ ಯಾವ ಚೇಂಬರ್ ಎಂದು ಇವನನ್ನೇ ಕೇಳಬೇಕು ಎಂದರು. ನಾನು ಹೇಳಿಕೊಟ್ಟೆ. ಇಷ್ಟು ವರ್ಷ ಹೇಳಿಕೊಟ್ಟೆ.

ಸೆಲ್ವಣ್ಣ ಎಲ್ಲಾದರೂ ಎದುರಾದರೆ, “ಏನ್ ಹುಲಿ, ಊಟ ಆಯ್ತಾ?” ಎನ್ನುತ್ತಾನೆ. ಒಮ್ಮೆಯಾದರೂ ಉಗಿದಿದ್ದರೆ, ಕೊರಳಪಟ್ಟಿ ಹಿಡಿದಿದ್ದರೆ, ನಾನು ಇದರಿಂದ ಬಿಡಿಸಿಕೊಳ್ಳುತ್ತಿದ್ದೆನೇನೋ. ಅವನು ಹಾಗೆ ಮಾಡುವವನಲ್ಲ. ನಾನೇ ಬಾಯಿ ಬಿಡಬೇಕು, ಅದಕ್ಕೂ ಇಷ್ಟು ವರ್ಷ... ಬರುವ ಭಾನುವಾರ ಈ ಹಾಳೆಗಳನ್ನು ಹಿಡಿದುಕೊಂಡು ಮೊದಲು ಮುನಿಯಪ್ಪನವರ ಮನೆಗೆ ಹೋಗುತ್ತೇನೆ, ಓದಿ ಹೇಳುತ್ತೇನೆ. ಅಲ್ಲಿಂದ ಆ ಬೀದಿಯ ಉಳಿದವರ ಹತ್ತಿರ. ಕೊನೆಗೆ ಕೆ.ಆರ್. ಪುರಕ್ಕೆ. ಅವನು ಏನೆನ್ನುತ್ತಾನೋ, ಅದನ್ನು ನಾನು ಚೌಕಾಸಿ ಮಾಡುವಂತಿಲ್ಲ.

ಹಳೆಯ ಕಾರಿಗೆ ಬೇರೆ ಎಂಜಿನ್ ಹಾಕಿಸುವವರು ಇದನ್ನು ಓದುತ್ತಿದ್ದರೆ ಇಷ್ಟು ಕೇಳಿ. ಚೇಂಬರನ್ನು ಬಿಸಿಲಿಗೆ ಹಿಡಿದು, ಒಳಗಿನ ತಗಡನ್ನು ಸ್ಕ್ರೂಡ್ರೈವರಿನಿಂದ ಮೀಟಿ ನೋಡಿ. ಕೂದಲೆಳೆಯಷ್ಟು ಅಲುಗಿದರೂ ಬೇಡ. ಹೀರುವ ಪೈಪು, ಎಣ್ಣೆ ಅಳೆಯುವ ಕಡ್ಡಿ, ಚೇಂಬರ್ — ಮೂರೂ ಒಂದೇ ಎಂಜಿನ್ನಿನಿಂದ ಬಂದಿರಲಿ. ಕೆಂಪು ದೀಪ ಹತ್ತಿದರೆ ಪಕ್ಕದಲ್ಲಿ ಕೂತವನನ್ನು ಕೇಳಬೇಡಿ, ಬದಿಗೆ ಹಾಕಿ ಎಂಜಿನ್ ನಿಲ್ಲಿಸಿ. ಇನ್ನು, ತಪ್ಪು ಚೇಂಬರ್ ಕೂತುಬಿಟ್ಟಿದೆ ಎನ್ನುವುದು ನಿಮಗೊಬ್ಬರಿಗೇ ಗೊತ್ತಿದ್ದರೆ, ಅವತ್ತೇ ಹೇಳಿ, ಅವತ್ತೇ ಬಿಚ್ಚಿಸಿ. ಎಣ್ಣೆ ಇಳಿಸಿ, ಬೇರೆ ಚೇಂಬರಿಗೆ ಎಣ್ಣೆ ಸೋರದಂತೆ ಹೊಸ ಪ್ಯಾಕಿಂಗ್ ಕೊಟ್ಟು ಕೂರಿಸುವುದು ಅರ್ಧ ದಿನದ ಕೆಲಸ. ಬೆಳಿಗ್ಗೆ ಕೈಹಾಕಿದರೆ ಮಧ್ಯಾಹ್ನದ ಊಟದ ಹೊತ್ತಿಗೆ ಮುಗಿದಿರುತ್ತದೆ.