ದಾರೂನೂ ಹೌದು, ಎಣ್ಣೀನೂ ಹೌದು

ಬಸವಕಲ್ಯಾಣದಿಂದ ಹುಮನಾಬಾದಿಗೆ ಹೊರಟ ಬಸ್ಸಿನಲ್ಲಿ ನನ್ನ ಚೀಲದ ಸೀಸೆಗಳು ಟಿಣ್ ಟಿಣ್ ಅನ್ನುತ್ತಿದ್ದವು. ಸುಗಂಧತೈಲ ಮಾರುವುದು ನನ್ನ ಕೆಲಸ.

“ಥೈಲಿದಾಗ ಏನದರಿ?” ಅಂದ ಕಂಡಕ್ಟರ್.

“ದೇವದಾರು ಎಣ್ಣೆ.”

ಬಸ್ಸೆಲ್ಲ ನನ್ನ ಕಡೆ ತಿರುಗಿತು.

“ದಾರೂನೂ ಅಂತೀರಿ, ಎಣ್ಣೀನೂ ಅಂತೀರಿ, ಮ್ಯಾಲ ದೇವರ ಹೆಸರು ಬ್ಯಾರೆ. ಕುಡಿಯೋ ಮಾಲು ಇಲ್ಲಿ ನಡೆಯಂಗಿಲ್ಲ. ಇಳೀರಿ.”

ಹೊರಗೆ ಬರೀ ತೊಗರಿ ಹೊಲ. ಪಕ್ಕದಲ್ಲಿ ಕೂತಿದ್ದ ಘಾಟಬೋರಾಳದ ಮುದುಕರೊಬ್ಬರು ಮಾತ್ರ ಸರಿದು ನನಗೆ ಇನ್ನಷ್ಟು ಜಾಗ ಬಿಟ್ಟರು. “ಆರಾಮ ಕುಂದರ್ರಿ,” ಅಂದರು.

ಗಡಿಬಿಡಿಯಲ್ಲಿ ಸೀಸೆಗಳ ಮುಚ್ಚಳ ತೆಗೆದೆ. ಹಿಮಾಲಯದ ದೇವದಾರು ದನಗಳ ಮೈಮೇಲಿನ ಉಣ್ಣಿ ಓಡಿಸಲಿಕ್ಕೆ, ಅಟ್ಲಾಸ್ ಬೆಟ್ಟದ್ದು ತಲೆಗೂದಲಿಗೆ, ವರ್ಜೀನಿಯಾದ್ದು ಟ್ರಂಕಿನ ಬಟ್ಟೆಗೆ ಹುಳ ಹತ್ತದಂತೆ ಎಂದು ವಿವರಿಸಿದೆ. ಕಂಡಕ್ಟರ್ ಕೊನೆಯದನ್ನು ಮೂಸಿ, “ಪೆನ್ಸಿಲ್ ಕೆತ್ತಿದಂಗ ವಾಸನಿ ಬರಾಕತ್ತದ,” ಎಂದು ನಕ್ಕು ಟಿಕೆಟ್ ಕೊಟ್ಟ.

ಮುದುಕರು ಮೂರನ್ನೂ ನಿಧಾನವಾಗಿ ಮೂಸಿ ನೋಡಿದರು. “ಒಂದರಾಗೂ ದಾರೂ ಇಲ್ಲೇನ್ರಿ?”

“ಇಲ್ಲರಿ.”

ಅವರು ಬಿಟ್ಟುಕೊಟ್ಟ ಜಾಗವನ್ನು ವಾಪಸ್ ತೆಗೆದುಕೊಂಡರು. ಹುಮನಾಬಾದ್ ಬರುವವರೆಗೂ ನಾನು ಅರ್ಧ ಸೀಟಿನಲ್ಲೇ ಕೂತಿದ್ದೆ.