ಗಾಡಿಯ ವಕೀಲ
ಕಾರು ಸಿಕ್ಕಾಪಟ್ಟೆ ಪೆಟ್ರೋಲ್ ಕುಡಿಯುತ್ತಿದೆ ಎಂದು ದೂರು ಹೊತ್ತು ಬಂದವರ ಗಾಡಿಯ ಬಾನೆಟ್ಟನ್ನು ಈ ಗ್ಯಾರೇಜ್ ಮೇಸ್ತ್ರಿ ತೆರೆಯುವುದು ಕೊನೆಗೆ. ಮೊದಲು ನೋಡುವುದು ಅವರ ಚಪ್ಪಲಿ. ಎಡಗಾಲಿನ ಅಟ್ಟೆ ಸವೆದಿದ್ದರೆ, "ಕ್ಲಚ್ ಮೇಲೆ ಕಾಲಿಟ್ಕೊಂಡೇ ಊರೆಲ್ಲ ಸುತ್ತುತೀರಿ" ಎಂದು ನಿಂತಲ್ಲೇ ತೀರ್ಪು. ಆಮೇಲೆ ಟೈರನ್ನು ಹೆಬ್ಬೆರಳಿನಿಂದ ಒತ್ತಿ, ಗಾಳಿ ಕಮ್ಮಿ ಎಂದು ತುಟಿ ಸೊಟ್ಟ ಮಾಡುತ್ತಾನೆ. ಡಿಕ್ಕಿ ತೆರೆಸಿ, ವರ್ಷದಿಂದ ಪುಕ್ಕಟೆ ಸವಾರಿ ಮಾಡುತ್ತಿರುವ ಸಿಮೆಂಟ್ ಮೂಟೆಯನ್ನು ಇಳಿಸುತ್ತಾನೆ. ಏರ್ ಫಿಲ್ಟರ್ ಕಳಚಿ ಕೊಡವಿದರೆ ಅರ್ಧ ರಸ್ತೆ ಅಲ್ಲೇ ಉದುರುತ್ತದೆ. "ಮೂಗು ಕಟ್ಟಿದ್ರೆ ನೀವು ಓಡ್ತೀರಾ? ಗಾಡಿ ಪಾಪದ್ದು ಸಾರ್, ತಪ್ಪೆಲ್ಲ ನಿಮ್ದು." ದೊಡ್ಡ ಸಾಹೇಬರಿಗೂ ಇದೇ ಮಾತು, ಸ್ವಂತ ಅತ್ತೆಗೂ ಇದೇ ಮಾತು. ದೇವರೇ ಕಾರು ತಂದರೂ ಅವನು ಮೊದಲು ಪಾದವನ್ನೇ ನೋಡುತ್ತಾನೆ, ಅದೂ ನಮಸ್ಕಾರಕ್ಕಲ್ಲ. ಈ ಕಾಲಿನ ವಿದ್ಯೆ ಅವನಿಗೆ ಕಲಿಸಿದ್ದು ಅವನ ಅಪ್ಪ. ಮೂವತ್ತು ವರ್ಷ ಬಸ್ಸು ಓಡಿಸಿದ ಅವರು ಗೇರು ಬದಲಿಸಿದರೆ, ತೂಕಡಿಸುವ ಪ್ರಯಾಣಿಕನ ತಲೆಯೂ ಅಲುಗುತ್ತಿರಲಿಲ್ಲ. ಲಕ್ವ ಹೊಡೆದ ಮೇಲೆ ಅವರ ಎಡಗಾಲು ಮಾತು ಕೇಳುವುದಿಲ್ಲ. ಆದರೂ ಭಾನುವಾರ ಬೆಳಿಗ್ಗೆ ಮೇಸ್ತ್ರಿ ತನ್ನ ಕಾರನ್ನು ಖಾಲಿ ಮೈದಾನಕ್ಕೆ ಒಯ್ದು, ಅವರನ್ನು ಸ್ಟೇರಿಂಗಿನ ಮುಂದೆ ಕೂರಿಸಿ, ತಾನು ಹ್ಯಾಂಡ್‌ಬ್ರೇಕಿನ ಮೇಲೆ ಕೈಯಿಟ್ಟು ಪಕ್ಕದಲ್ಲಿ ಕೂರುತ್ತಾನೆ. ಕ್ಲಚ್ ಮೇಲಿನ ಕಾಲು ಪೂರ್ತಿ ಏಳುವುದೇ ಇಲ್ಲ. ಫಸ್ಟ್ ಗೇರಿನಲ್ಲೇ ಇಂಜಿನ್ ಒರಲುತ್ತದೆ, ಪೆಟ್ರೋಲಿನ ಮುಳ್ಳು ಇಳಿಯುತ್ತದೆ. "ಏನೋ ಇದು, ಇಷ್ಟು ಕುಡೀತಿದೆ? ನನ್ನ ಕಾಲಿಂದೇನಾ?" ಎಂದು ಅಪ್ಪ ಕೇಳುತ್ತಾರೆ. ಊರಿನ ಕಾಲುಗಳಿಗೆಲ್ಲ ತೀರ್ಪು ಕೊಟ್ಟವನು ಕಿಟಕಿಯಾಚೆ ನೋಡುತ್ತಾ ಹೇಳುತ್ತಾನೆ: "ನಿಮ್ ಕಾಲು ಸರಿಯಾಗೇ ಇದೆ ಅಪ್ಪಾ. ಗಾಡೀದೇ ತಪ್ಪು."