ಇಮಾನದ ದಾವಲಬೀ

ಸಿದ್ದಾಪುರದಲ್ಲಿ ದಾವಲಬೀಯನ್ನು ಬರೀ ಹೆಸರಿನಿಂದ ಕರೆದವರು ಕಡಿಮೆ. ಅಲ್ಯೂಮಿನಿಯಂ ಬೋಗುಣಿಗಳ ಬುಟ್ಟಿ ಹೊತ್ತು ಕಾಲುವೆ ದಾರಿಯಲ್ಲಿ ಅವರು ಬರುವುದು ಕಂಡರೆ ಸಾಕು, ಭತ್ತ ನಾಟಿ ಮಾಡುವ ಹೆಂಗಸರು "ಇಮಾನ ಬಂತು, ಇಮಾನ!" ಎಂದು ನಗುತ್ತಿದ್ದರು. ವಿಮಾನ ಇಲ್ಲಿಯವರ ಬಾಯಲ್ಲಿ ಇಮಾನ. ಮಹಾಯುದ್ಧ ಮುಗಿದ ಮೇಲೆ ದಾವಲಬೀಯ ಅಪ್ಪ ಕಾನ್ಪುರದ ಕಡೆ ದುಡಿಯಲು ಹೋಗಿ, ಗುಜರಿಗೆ ಬಿದ್ದ ಬಾಂಬಿನ ವಿಮಾನ ಕೊಯ್ದು ಬಂದಿದ್ದನಂತೆ. ಸಾಕ್ಷಿಗೆ ಒಂದೇ ಫೋಟೋ. ಅದರಲ್ಲಿ ರೆಕ್ಕೆಯಿಲ್ಲ, ಚಕ್ರವಿಲ್ಲ. ಗರಗಸ ಹಿಡಿದ ಹರೆಯದ ಆಳು, ಅವನ ಹಿಂದೆ ಆಳೆತ್ತರ ಮೀರಿದ ಮೊಟ್ಟೆಯಾಕಾರದ ತಗಡು.

"ನಿಮ್ಮಪ್ಪ ಬೆಲ್ಲದ ಕೊಪ್ಪರಗಿ ಮುಂದ ನಿಂತಾನ ಬಿಡ" ಎಂದು ಊರು ತೀರ್ಮಾನಿಸಿತ್ತು. ದಾವಲಬೀ ಜಗಳ ಮಾಡಲಿಲ್ಲ. ಅಪ್ಪ ಸುಳ್ಳು ಹೇಳಿರಲಿಲ್ಲವೆಂದು ಯಾರಾದರೂ ಒಪ್ಪಲಿ ಎಂಬ ಆಸೆಯನ್ನೂ ಬಿಡಲಿಲ್ಲ.

ಈಚೆಗೆ ಮಗ ಅಕ್ಬರ ಗಂಗಾವತಿಯಲ್ಲಿ ಪಾತ್ರೆ ಅಂಗಡಿ ಹಾಕಿದ. ಹೆಸರು ಇಮಾನ್ ಸ್ಟೀಲ್. ಬೋರ್ಡು ಬರೆಯುವ ಕೊಟ್ರೇಶ ಕೇಳಿದ: "ಬಾಜೂಕ ಏನ ಚಿತ್ರ ತಗೀಲಿರಿ?"

"ಉರ್ದುದಾಗ ಇಮಾನ್ ಅಂದ್ರ ನಿಯತ್ತು. ತಕ್ಕಡಿ ತಗೀರಿ" ಅಂದ ಅಕ್ಬರ.

"ಇಮಾನ ಅಂದ್ರ ಇಮಾನ! ಹಾರೂದು ತಗಿಯೋ ಕೊಟ್ರೇಶ" ಅಂದರು ದಾವಲಬೀ.

"ಮಂದಿ ನಗ್ತಾರಮ್ಮಾ. ಅದು ಕೊಪ್ಪರಗಿ ಅಂತ ಊರಿಗೇ ಗೊತ್ತೈತಿ."

ಮಗನ ಬಾಯಲ್ಲೂ ಅದೇ ಮಾತು. ದಾವಲಬೀ ಗೋಡೆಯ ಕಡೆ ತಿರುಗಿ ಕೂತರು.

ಸೊಸೆ ನಾಹೀದಾ ಫೋಟೋವನ್ನು ಮೊಬೈಲಿಗೆ ಇಳಿಸಿ ಹಿಗ್ಗಿಸಿದಳು. ಆ ತಗಡಿನಾಚೆ, ಮಬ್ಬಿನಲ್ಲಿ, ಅದೇ ಆಕಾರದ ಇನ್ನೊಂದು. ನಡುವೆ ಗಾಜು ಒಡೆದ ಪಂಜರ. ಹಳೆಯ ಬಾಂಬರ್‌ಗಳ ಚಿತ್ರ ಹುಡುಕಿ ಜೊತೆಗಿಟ್ಟು ನೋಡುತ್ತ ಹೋದಳು. ಒಂದಕ್ಕೆ ಒಂಟಿ ಬಾಲ. ಇನ್ನೊಂದಕ್ಕೆ ಎರಡಿದ್ದರೂ ಚೌಕ. ಆಮೇಲೆ ಒಂದು ಹೊಂದಿತು.

"ಅಮ್ಮಾ, ಇದರ ಹೆಸರು ಲಿಬರೇಟರ್ ಅಂತ್ರಿ. ಹಿಂದ ಎರಡು ಬಾಲ, ಎರಡೂ ಕೊಪ್ಪರಗಿ ಹಂಗ. ನಡುವ ಬಂದೂಕಿನವ ಕೂಡೂ ಜಾಗ. ಅಜ್ಜಾ ಬಾಲದ ಮುಂದ ನಿಂತಾರ."

ಅಕ್ಬರ ಮೊಬೈಲು ನೋಡಿದ, ಫೋಟೋ ನೋಡಿದ, ಮತ್ತೆ ಮೊಬೈಲು ನೋಡಿದ.

"ತಕ್ಕಡಿ ಬ್ಯಾಡ ಬಿಡ್ರಿ" ಅಂದ, ಮೆಲ್ಲಗೆ.

ಕೊಟ್ರೇಶ ಕೈಗೆ ರೂಢಿಯಿದ್ದ ವಿಮಾನ ಬರೆದ, ಒಂದೇ ಬಾಲದ್ದು.

"ಏ ಇದ್ಯಾರ ಮನೀದೋ? ನಮ್ಮಪ್ಪ ಕೊಯ್ದದ್ದು ಎರಡು ಬಾಲದ್ದು!"

"ತಪ್ಪಾತು ಚಾಚಿ" ಎಂದು ನಗುತ್ತ ಅವನು ಅಳಿಸಿ ಮತ್ತೆ ಬರೆದ.

ಈಗ ಸ್ಟೀಲಿನ ಡಬರಿ ಕೊಳ್ಳಲು ಬಂದವರನ್ನು ದಾವಲಬೀ ಸುಮ್ಮನೆ ಕಳಿಸುವುದಿಲ್ಲ. ಬಾಗಿಲವರೆಗೆ ಬಂದು ಬೋರ್ಡಿನ ಕಡೆ ಕೈ ಮಾಡುತ್ತಾರೆ: "ಎಡಗಡೆ ಬಾಲ ಐತಲ್ಲ, ಅಲ್ಲಿ ನಿಂತಿದ್ದ ನೋಡ್ರಿ ನಮ್ಮಪ್ಪ."